ಹಲಗೆ ಇಳಿಸುವ ಮೊದಲಿನ ಹತ್ತು ದಿನ: ತೋಡಿನ ನೀರು ತಿರುಗಿಸಿ ಕಿಂಡಿ ಅಣೆಕಟ್ಟು ರಿಪೇರಿ ಮಾಡುವುದು ಹೇಗೆ?

ದೀಪಾವಳಿ ಮುಗಿದು ತೋಡಿನ ನೀರು ತಿಳಿಯಾಗ್ತಾ ಬಂದರೆ ಪುತ್ತೂರು, ಸುಳ್ಯ, ಕಡಬ ಕಡೆಯ ಊರುಗಳಲ್ಲಿ ಒಂದು ಪ್ರಶ್ನೆ ಶುರುವಾಗ್ತದೆ: "ಈ ಸಲ ಹಲಗೆ ಯಾವಾಗ ಇಳಿಸುವುದು?" ಮಾರ್ಚ್ ಬಂದಾಗ ಅದೇ ಜನರ ಬಾಯಲ್ಲಿ ಇನ್ನೊಂದು ಮಾತು: "ಹಲಗೆ ಎಲ್ಲ ಸರಿ ಉಂಟು, ಆದರೂ ನೀರು ನಿಲ್ತಾ ಇಲ್ಲ."

ನೀರು ಹೋಗುವುದು ಹಲಗೆಯ ಸಂದಿಯಿಂದ ಅಲ್ಲ. ಹೆಚ್ಚಿನ ಕಡೆ ಅದು ತಳದ ಕಾಂಕ್ರೀಟಿನ ಅಡಿಯಿಂದಲೋ, ಮಗ್ಗುಲಿನ ಗೋಡೆಯ ಹಿಂದಿನಿಂದಲೋ ಕಳ್ಳದಾರಿ ಮಾಡಿಕೊಂಡು ಹೋಗ್ತದೆ. ಅಲ್ಲಿ ರಿಪೇರಿ ಮಾಡಬೇಕಾದರೆ ಜಾಗ ಒಣಗಿರಬೇಕು. ಮಳೆಗಾಲದಲ್ಲಿ ಆಗುವುದಿಲ್ಲ, ಹೊಳೆ ತುಂಬಿರ್ತದೆ. ಬೇಸಗೆಯಲ್ಲಿ ಆಗುವುದಿಲ್ಲ, ನಿಲ್ಲಿಸಿದ ನೀರು ಬಿಡಲಿಕ್ಕೆ ಯಾರೂ ಒಪ್ಪುವುದಿಲ್ಲ. ಹಾಗೆ ಮುಂದೆ ಹೋಗಿ ಹೋಗಿ ಒಂದು ಮಳೆಗಾಲಕ್ಕೆ ತಳವೇ ಎದ್ದು ಹೋಗ್ತದೆ.

ನಡುವೆ ಒಂದು ಸಣ್ಣ ಅವಕಾಶ ಉಂಟು. ಮಳೆ ಬಿಟ್ಟ ಮೇಲೆ, ಹಲಗೆ ಇಳಿಸುವ ಮೊದಲು ಸಿಗುವ ಹತ್ತು ಹನ್ನೆರಡು ದಿನ. ಆಗ ತೋಡಿನಲ್ಲಿ ಹರಿವು ಇರ್ತದೆ, ಆದರೆ ಅದನ್ನು ತಾತ್ಕಾಲಿಕ ತಡೆ ಹಾಕಿ ಪಕ್ಕಕ್ಕೆ ತಿರುಗಿಸಬಹುದು. ಮರಳಿನ ಚೀಲ, ಟರ್ಪಾಲು ನಮಗೆ ಗೊತ್ತಿರುವಂಥದ್ದು. ಈಗ ನೀರನ್ನೇ ತುಂಬಿಸಿ ಮಲಗಿಸುವ ದೊಡ್ಡ ಟ್ಯೂಬುಗಳೂ ಇವೆ. ನಾನು ತೋಟಗಾರಿಕೆ ಓದಿ ಸಾವಯವ ಕೃಷಿಗೆ ಬಂದವನು, ಎಂಜಿನಿಯರ್ ಅಲ್ಲ. ಆದ್ದರಿಂದ ಇಲ್ಲಿ ಹೇಳುವುದು ಸಣ್ಣ ತೋಡಿನ, ಮೊಣಕಾಲಿನಷ್ಟು ನೀರಿನ ಕೆಲಸ ಮಾತ್ರ. ಕುಮಾರಧಾರಾ, ಪಯಸ್ವಿನಿ, ಗುಂಡ್ಯ ಹೊಳೆಯ ಮುಖ್ಯ ಹರಿವಿಗೆ ಇದನ್ನು ಮಾಡಲಿಕ್ಕೆ ಹೋಗಬೇಡಿ.

ಒಂದು ಲೀಟರಿನ ಲೆಕ್ಕ

ಮೊದಲು, ಇಷ್ಟು ತಲೆಬಿಸಿ ಯಾಕೆ ಅಂತ ನೋಡುವ.

ಸೆಕೆಂಡಿಗೆ ಒಂದು ಲೀಟರ್ ಸೋರಿಕೆ ಅಂದರೆ ಹತ್ತು ಲೀಟರಿನ ಬಕೆಟ್ ಹತ್ತು ಸೆಕೆಂಡಲ್ಲಿ ತುಂಬುವಷ್ಟು. ನೋಡಲಿಕ್ಕೆ ಸಣ್ಣದು. ಆದರೆ ದಿನಕ್ಕೆ 86,400 ಲೀಟರ್ ಆಯ್ತು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು ಅನ್ನುವುದು ಸಾಮಾನ್ಯ ಶಿಫಾರಸು. 20 ಲೀಟರ್ ಅಂತಲೇ ಹಿಡಿದರೂ ಆ ಸೋರಿಕೆ 4,320 ಮರದ ನೀರು. ಎಕರೆಗೆ 550 ಮರ ಅಂದರೆ ಹೆಚ್ಚುಕಮ್ಮಿ ಎಂಟು ಎಕರೆ ತೋಟ.

ಇನ್ನೊಂದು ಕಡೆಯಿಂದ ನೋಡಿ. ತೋಡು 10 ಮೀಟರ್ ಅಗಲ, ನೀರು ಹಿಂದಕ್ಕೆ 300 ಮೀಟರ್ ನಿಂತಿದೆ, ಸರಾಸರಿ ಆಳ 80 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಸಂಗ್ರಹ 24 ಲಕ್ಷ ಲೀಟರ್. ಮೇಲಿನಿಂದ ಒಳಹರಿವು ನಿಂತ ದಿನದಿಂದ ಈ ಒಂದು ಲೀಟರ್ ಸೋರಿಕೆಯೇ ಅದನ್ನು 28 ದಿನದಲ್ಲಿ ಖಾಲಿ ಮಾಡ್ತದೆ. ಯಾರೂ ಪಂಪು ಹಾಕದಿದ್ದರೂ!

ಒಂದು ಮಾತು ಸರಿಯಾಗಿ ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ಸೋರಿದ ನೀರು ಹಾಳಾಗುವುದಿಲ್ಲ, ಕೆಳಗಿನವರಿಗೆ ಹೋಗ್ತದೆ, ಹೇಗೂ ಹಲಗೆಯ ಮೇಲಿಂದ ಹೆಚ್ಚಿನ ನೀರು ಹಾರಿ ಹೋಗಲೇಬೇಕು. ತೊಂದರೆ ಶುರುವಾಗುವುದು ಹಾರುವುದು ನಿಂತ ಮೇಲೆ. ಸೋರಿಕೆಯ ದಾರಿ ಪ್ರತಿ ವರ್ಷ ದೊಡ್ಡದಾಗ್ತಾ ಹೋಗ್ತದೆ ಅನ್ನುವುದು ಅದಕ್ಕಿಂತ ದೊಡ್ಡ ತೊಂದರೆ. ನೀರಿನ ಜೊತೆ ಮರಳು ಹೊರಗೆ ಬರ್ತಾ ಉಂಟಾದರೆ ಅಡಿಯಲ್ಲಿ ಪೊಟರೆ ಆಗ್ತಾ ಉಂಟು ಅಂತ ಅರ್ಥ.

ಸೋರುವುದು ಎಲ್ಲಿ? ಈ ವರ್ಷವೇ ನೋಡಿಡಿ

ಸೋರಿಕೆ ಹುಡುಕುವ ಸಮಯ ನೀರು ನಿಂತಿರುವಾಗ, ರಿಪೇರಿಯ ಸಮಯ ನೀರು ಇಳಿದಿರುವಾಗ. ಎರಡರ ನಡುವೆ ಆರೆಂಟು ತಿಂಗಳ ಅಂತರ ಇರುವುದರಿಂದ ನೆನಪು ಸಾಲುವುದಿಲ್ಲ. ಇಲ್ಲಿ ಮೊಬೈಲ್ ಉಪಯೋಗಕ್ಕೆ ಬರ್ತದೆ.

ಫೆಬ್ರವರಿ, ಮಾರ್ಚಲ್ಲಿ ಅಣೆಕಟ್ಟಿನ ಕೆಳಬದಿಗೆ ಇಳಿದು ನೋಡಿ. ಎಲ್ಲಿ ಮರಳು ಕುದಿಯುವ ಹಾಗೆ ನೀರು ಮೇಲೆ ಬರ್ತಾ ಉಂಟು, ಎಲ್ಲಿ ಗೋಡೆ ಮತ್ತು ದಡ ಸೇರುವಲ್ಲಿ ಒಸರು ಉಂಟು, ಎಲ್ಲಿ ಏಡಿಯ ಮಾಟೆ ಉಂಟು, ಎಲ್ಲಿ ಹಲಗೆ ಕೂರುವ ಗಾಡಿಯ ಅಂಚು ಒಡೆದಿದೆ ಅಂತ ಗುರುತಿಸಿ. ಕಿಂಡಿಗಳಿಗೆ ಎಡದಡದಿಂದ 1, 2, 3 ಅಂತ ನಂಬ್ರ ಹಾಕಿ, ಹತ್ತಿರ ಒಂದು ಕೋಲು ನಿಲ್ಲಿಸಿ ಫೋಟೋ ತೆಗೆಯಿರಿ. "ಮೂರನೇ ಕಿಂಡಿ, ಕೆಳಬದಿ, ಕಂಬದಿಂದ ನಾಲ್ಕು ಅಡಿ" ಅಂತ ಬರೆದಿಡಿ. ನೀರು ತಿಳಿ ಬರ್ತದಾ, ಕೆಂಪು ಬರ್ತದಾ ಅಂತಲೂ ಬರೆಯಿರಿ. ಕೆಂಪು ಅಥವಾ ಮರಳು ಬಂದರೆ ಅದಕ್ಕೇ ಮೊದಲ ಸ್ಥಾನ.

ಹತ್ತು ದಿನ ಯಾವಾಗ?

ನಮ್ಮಲ್ಲಿ ಅಕ್ಟೋಬರ್, ನವೆಂಬರಿನಲ್ಲಿ ಸಂಜೆ ಗುಡುಗು ಮಳೆ ಇರ್ತದೆ. ಘಟ್ಟದ ಬುಡದಲ್ಲಿ ಒಂದು ಗಂಟೆ ಮಳೆ ಬಂದರೆ ಇಲ್ಲಿ ಬಿಸಿಲಿರುವಾಗಲೇ ತೋಡು ಕೆಂಪಾಗಿ ಏರ್ತದೆ. ಮಳೆಗಾಲದ ದೊಡ್ಡ ಉದಾಹರಣೆ ಎಲ್ಲರಿಗೂ ನೆನಪಿರಬಹುದು: 2022ರ ಆಗಸ್ಟ್ ಮೊದಲ ದಿನಗಳಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು ಕಡೆ ಹೊಳೆ ಹೇಗೆ ಬಂತು ಅಂತ. ನವೆಂಬರಿನ ಏರು ಅಷ್ಟು ದೊಡ್ಡದಲ್ಲ. ಆದರೆ ಎರಡಡಿಯ ತಾತ್ಕಾಲಿಕ ತಡೆಯನ್ನು ತೆಗೆದುಕೊಂಡು ಹೋಗಲಿಕ್ಕೆ ಅದು ಸಾಕು.

ಆದ್ದರಿಂದ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದ ಒಳಗೆ, ಸತತ ಒಣ ಹವೆ ಇರುವ ಹತ್ತು ದಿನ ಆರಿಸಿ. ಹವಾಮಾನ ಇಲಾಖೆಯ ಮೌಸಮ್ ಆ್ಯಪ್, ಸಿಡಿಲಿಗೆ ದಾಮಿನಿ ಆ್ಯಪ್ ಎರಡೂ ಮೊಬೈಲಲ್ಲಿರಲಿ. ಬಂಗಾಳ ಕೊಲ್ಲಿಯಲ್ಲಿಯೋ ಅರಬಿ ಸಮುದ್ರದಲ್ಲಿಯೋ ವಾಯುಭಾರ ಕುಸಿತದ ಸುದ್ದಿ ಇದ್ದರೆ ಕೆಲಸ ಶುರು ಮಾಡಬೇಡಿ. ನಿಮ್ಮ ಮಳೆ ಮಾತ್ರ ಅಲ್ಲ, ತೋಡಿನ ಮೂಲದ ಕಡೆಯ ಮಳೆ ನೋಡಬೇಕು. ಮೇಲಿನ ಊರಲ್ಲಿ ಪರಿಚಯದವರಿದ್ದರೆ ಎಲ್ಲ ಆ್ಯಪ್‌ಗಿಂತ ಅವರ ಒಂದು ಫೋನು ಒಳ್ಳೆಯದು.

ಮೊದಲು ದಾರಿ, ಮತ್ತೆ ತಡೆ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ನೀರಿಗೆ ಮೊದಲು ಹೋಗಲಿಕ್ಕೆ ದಾರಿ ಕೊಡಿ, ಮತ್ತೆ ತಡೆ ಹಾಕಿ. ಹೆಚ್ಚಿನವರು ಮಾಡುವುದು ಉಲ್ಟಾ. ಚೀಲ ಪೇರಿಸ್ತಾ ಹೋಗ್ತಾರೆ, ನೀರು ಏರ್ತಾ ಬರ್ತದೆ, ಇನ್ನೆರಡು ಸಾಲು ಚೀಲ ಇಡ್ತಾರೆ, ರಾತ್ರಿ ಎಲ್ಲ ಕುಸಿಯುತ್ತದೆ.

ದೊಡ್ಡ ಅಣೆಕಟ್ಟಿನಲ್ಲೂ ನಿಯಮ ಇದೇ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯ್ತು. ಆಗ ಮಾಡಿದ ಮೊದಲ ಕೆಲಸ ಉಳಿದ ಗೇಟುಗಳನ್ನೂ ತೆರೆದು ನೀರಿನ ಮಟ್ಟ ಮತ್ತು ಒತ್ತಡ ಇಳಿಸಿದ್ದು. ಆಮೇಲೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೆ ಒಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಕಿಂಡಿ ಮುಚ್ಚಿದರು. ಆ ಸ್ಟಾಪ್‌ಲಾಗ್ ಅಂದರೆ ಬೇರೆ ಏನೂ ಅಲ್ಲ, ನಮ್ಮ ಕಿಂಡಿ ಅಣೆಕಟ್ಟಿನ ಹಲಗೆಯ ದೊಡ್ಡಣ್ಣ.

ಹರಿವು ಎಷ್ಟು? ಹತ್ತು ನಿಮಿಷದಲ್ಲಿ ಅಳೆಯಿರಿ

ದಾರಿ ಎಷ್ಟು ದೊಡ್ಡದು ಬೇಕು ಅಂತ ಗೊತ್ತಾಗಬೇಕಾದರೆ ಹರಿವು ಗೊತ್ತಿರಬೇಕು. ತೋಡು ನೇರ ಇರುವಲ್ಲಿ 10 ಮೀಟರ್ ಉದ್ದ ಅಳೆದು ಎರಡು ಗೂಟ ಹಾಕಿ. ಅಗಲ ಅಳೆಯಿರಿ. ನಾಲ್ಕೈದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಒಂದು ಅಡಿಕೆ ಗೋಟು ಅಥವಾ ತೇಲುವ ಕಾಯಿ ಬಿಟ್ಟು, ಮೇಲಿನ ಗೂಟದಿಂದ ಕೆಳಗಿನ ಗೂಟಕ್ಕೆ ಎಷ್ಟು ಸೆಕೆಂಡು ಅಂತ ಮೊಬೈಲಿನ ಸ್ಟಾಪ್‌ವಾಚಲ್ಲಿ ನೋಡಿ. ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ.

ಉದಾಹರಣೆಗೆ ಅಗಲ 2.5 ಮೀಟರ್, ಆಳ 12 ಸೆಂಟಿಮೀಟರ್, ಸಮಯ 40 ಸೆಕೆಂಡು. ವೇಗ ಸೆಕೆಂಡಿಗೆ 0.25 ಮೀಟರ್. ತಳದಲ್ಲಿ ನೀರು ಮೇಲಿನಷ್ಟು ಓಡುವುದಿಲ್ಲ, ಹಾಗಾಗಿ 0.8ರಿಂದ ಗುಣಿಸಬೇಕು. 2.5 × 0.12 × 0.25 × 0.8 = 0.06 ಘನ ಮೀಟರ್. ಅಂದರೆ ಸೆಕೆಂಡಿಗೆ 60 ಲೀಟರ್.

ಇದನ್ನು ಪಂಪು ಹಾಕಿ ಆಚೆ ಬಿಡುವ ಅಂತ ಯೋಚನೆ ಮಾಡಬೇಡಿ. 60 ಲೀಟರ್ ಅಂದರೆ ಗಂಟೆಗೆ 2.16 ಲಕ್ಷ ಲೀಟರ್. ತೋಟಕ್ಕೆ ನೀರು ಹೊಡೆಯುವ ನಮ್ಮ ಪಂಪುಗಳು ಎತ್ತರಕ್ಕೆ ತಳ್ಳಲಿಕ್ಕೆ ಮಾಡಿದ್ದು, ಇಷ್ಟು ನೀರು ಎತ್ತಲಿಕ್ಕೆ ಅಲ್ಲ. ಕರಂಟು ಹೋದರೆ ಎಲ್ಲ ಮುಗೀತು. ಹರಿವು ತನ್ನ ಭಾರದಲ್ಲೇ ಹೋಗಬೇಕು. ಪಂಪು ಬೇಕಾಗುವುದು ಒಳಗೆ ಒಸರುವ ಸ್ವಲ್ಪ ನೀರು ತೆಗೆಯಲಿಕ್ಕೆ ಮಾತ್ರ.

ದಾರಿ ಕೊಡುವ ಎರಡು ವಿಧ

ಒಂದನೆಯದು, ಅರ್ಧ ಅರ್ಧ ಕೆಲಸ. ಕಿಂಡಿ ಅಣೆಕಟ್ಟಿನ ದೊಡ್ಡ ಅನುಕೂಲವೇ ಇದು. ಆರು ಕಿಂಡಿ ಇದ್ದರೆ ಮೂರರಲ್ಲಿ ನೀರು ಹೋಗಲಿ, ಇನ್ನು ಮೂರನ್ನು ಒಣಗಿಸಿ. ಆ ಬದಿ ಮುಗಿದ ಮೇಲೆ ಬದಲಾಯಿಸಿ. ಕೆಳಬದಿಯ ತಳದಲ್ಲಿ ಮಾತ್ರ ಕೆಲಸ ಇದ್ದರೆ ಹೊಸ ತಡೆಯೇ ಬೇಡ, ಆ ಮೂರು ಕಿಂಡಿಗೆ ಹಲಗೆ ಇಳಿಸಿದರೆ ಹಲಗೆಯೇ ತಡೆ. ಪಕ್ಕದ ಕಿಂಡಿಯ ನೀರು ತಿರುಗಿ ಒಳಗೆ ಬಾರದ ಹಾಗೆ ಕೆಳಬದಿಯಲ್ಲಿ ಒಂದು ಸಾಲು ಚೀಲ ಸಾಕು. ಗಾಡಿ ಒಡೆದಿದ್ದರೆ ಅಥವಾ ಮೇಲ್ಬದಿಯ ತಳದಲ್ಲಿ ಕೆಲಸ ಇದ್ದರೆ ಮಾತ್ರ ಮೇಲ್ಗಡೆ ಲಾಳದ ಆಕಾರದಲ್ಲಿ ತಡೆ ಸುತ್ತು ಬರಬೇಕು.

ಎರಡನೆಯದು, ಪೈಪು. ಒಂದೇ ಕಿಂಡಿಯ ಸಣ್ಣ ಕಟ್ಟ ಅಥವಾ ತೋಡಿನ ಮಧ್ಯದ ಪಂಪಿನ ಗುಂಡಿ ಆದರೆ ಪೂರ್ತಿ ಹರಿವನ್ನು ಪೈಪಲ್ಲಿ ದಾಟಿಸಬೇಕಾಗ್ತದೆ. ಆರು ಇಂಚಿನ, ಅಂದರೆ 160 ಮಿಲಿಮೀಟರಿನ ಪಿವಿಸಿ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ಓಡಿದರೆ ಸುಮಾರು 17 ಲೀಟರ್ ಹೋಗ್ತದೆ. 12 ಮೀಟರ್ ಉದ್ದದ ಪೈಪಲ್ಲಿ ಅಷ್ಟು ಓಡಿಸಲಿಕ್ಕೆ ಎರಡು ತುದಿಯ ನೀರಿನ ಮಟ್ಟದಲ್ಲಿ ಅರ್ಧ ಅಡಿಯಷ್ಟು ವ್ಯತ್ಯಾಸ ಸಾಕು. ಹಾಗಾದರೆ 60 ಲೀಟರಿಗೆ ನಾಲ್ಕು ಪೈಪು. ಐದನೆಯದನ್ನು ಹೆಚ್ಚಿಗೆ ಇಡಿ, ಒಂದರ ಬಾಯಿಗೆ ಅಡಿಕೆ ಸೋಗೆಯೋ ತರಗೆಲೆಯೋ ಕಟ್ಟುವುದು ಖಂಡಿತ. ಬಾಯಿಯ ಮುಂದೆ ಬಿದಿರಿನ ತಡಿಕೆ ಅಥವಾ ಜಾಲರಿ ಸ್ವಲ್ಪ ದೂರದಲ್ಲಿ ನಿಲ್ಲಿಸಿ.

ತಡೆ ಯಾವುದರದ್ದು?

ತಾತ್ಕಾಲಿಕ ತಡೆ ನಮಗೆ ಹೊಸತಲ್ಲ. ಕಲ್ಲು, ಮಣ್ಣು, ಸೊಪ್ಪು ಹಾಕಿ ವರ್ಷಂಪ್ರತಿ ಕಟ್ಟ ಕಟ್ಟುವುದು ನಮ್ಮ ಜಿಲ್ಲೆಯಲ್ಲೂ ಕಾಸರಗೋಡಿನಲ್ಲೂ ಹಿರಿಯರ ಕಾಲದ ಕ್ರಮ. ಏತಡ್ಕ, ಎಣ್ಮಕಜೆ ಕಡೆಯ ಕಟ್ಟಗಳ ಬಗ್ಗೆ ಶ್ರೀಪಡ್ರೆಯವರು ಎಷ್ಟೋ ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಪೇಟೆಯವರಿಗೂ ಇದು ಗೊತ್ತು. ಸುಳ್ಯ ಪೇಟೆಗೆ ನೀರು ಕೊಡುವ ಪಯಸ್ವಿನಿಯ ಕಲ್ಲುಮುಟ್ಲುವಿನಲ್ಲಿ ಬೇಸಗೆಗೆ ಮರಳಿನ ಚೀಲದ ಕಟ್ಟ ಹಾಕ್ತಾ ಇದ್ದರು, ಈಗ ನಾಗಪಟ್ಟಣದಲ್ಲಿ ಕಿಂಡಿ ಅಣೆಕಟ್ಟು ಆಗಿದೆ. ಪುತ್ತೂರು ಪೇಟೆಯ ನೀರು ಕುಮಾರಧಾರೆಯ ನೆಕ್ಕಿಲಾಡಿ ಕಿಂಡಿ ಅಣೆಕಟ್ಟಿನದ್ದು.

ವ್ಯತ್ಯಾಸ ಇಷ್ಟೆ: ಕಟ್ಟ ಹಾಕುವುದು ನೀರು ನಿಲ್ಲಿಸಲಿಕ್ಕೆ, ನಾಲ್ಕು ತಿಂಗಳಿಗೆ. ಈಗ ನಾವು ಹೇಳುವ ತಡೆ ನೀರು ತಿರುಗಿಸಲಿಕ್ಕೆ, ಹತ್ತು ದಿನಕ್ಕೆ. ಅದು ಬೇಗ ಹಾಕಲಿಕ್ಕೆ, ಬೇಗ ತೆಗೆಯಲಿಕ್ಕೆ ಬರಬೇಕು. ತೆಗೆದ ಮೇಲೆ ಕುರುಹು ಉಳಿಯಬಾರದು.

ಚೀಲ ಮತ್ತು ಟರ್ಪಾಲು: ಕಲ್ಲು ಬಂಡೆಯ, ಏರುತಗ್ಗಿನ ತಳಕ್ಕೆ ಇದೇ ಒಳ್ಳೆಯದು, ಚೀಲ ಸಂದಿಗೆ ಕೂರ್ತದೆ. ಚೀಲ ಪೂರ್ತಿ ತುಂಬಿಸಬೇಡಿ, ಮುಕ್ಕಾಲು ತುಂಬಿಸಿ ಬಾಯಿ ಕಟ್ಟಿ ಇಟ್ಟಿಗೆ ಇಟ್ಟ ಹಾಗೆ ಇಡಿ. ಎತ್ತರದ ಎರಡು ಪಟ್ಟಾದರೂ ಬುಡದ ಅಗಲ ಇರಲಿ. ಟರ್ಪಾಲು ಅಥವಾ ಸಿಲ್ಪಾಲಿನ್ ಹಾಳೆ ನೀರಿನ ಬದಿಗೆ ಬರಬೇಕು, ಅದರ ಕೆಳಗಿನ ಅಂಚು ತೋಡಿನ ತಳದಲ್ಲಿ ಮೂರು ನಾಲ್ಕು ಅಡಿ ಮುಂದಕ್ಕೆ ಹಾಸಿ ಅದರ ಮೇಲೆ ಒಂದು ಸಾಲು ಚೀಲ ಇಡಬೇಕು. ಸೋರಿಕೆ ನಿಲ್ಲಿಸುವುದು ಚೀಲ ಅಲ್ಲ, ಈ ಹಾಳೆ. ತೊಂದರೆ ಏನೆಂದರೆ ಕೆಲಸದ ಆಳು ಜಾಸ್ತಿ ಬೇಕು, ಮಣ್ಣು ತರಬೇಕು, ಹಳೆ ಚೀಲ ಬಿಸಿಲಿಗೆ ಪುಡಿಯಾಗಿ ತೋಡಿಗೆ ಸೇರ್ತದೆ.

ನೀರು ತುಂಬಿಸುವ ಟ್ಯೂಬು: ದಪ್ಪ ಪ್ಲಾಸ್ಟಿಕ್ ಅಥವಾ ರಬ್ಬರ್ ಲೇಪದ ಬಟ್ಟೆಯ ಉದ್ದ ಚೀಲ. ಮಡಚಿ ತಂದು ಬಿಡಿಸಿ, ತೋಡಿನ ನೀರನ್ನೇ ಪಂಪಲ್ಲಿ ತುಂಬಿಸಿದರೆ ಮಲಗಿದ ಆನೆಯ ಹಾಗೆ ಕೂರ್ತದೆ. ಕೆಲಸ ಮುಗಿದ ಮೇಲೆ ಬಾಯಿ ಬಿಚ್ಚಿದರೆ ನೀರು ತೋಡಿಗೆ, ಟ್ಯೂಬು ಶೆಡ್ಡಿಗೆ. ಹೊರದೇಶಗಳಲ್ಲಿ ಸೇತುವೆ ಕಂಬ, ಪೈಪ್‌ಲೈನ್ ಕೆಲಸಕ್ಕೂ ಪ್ರವಾಹ ತಡೆಯಲಿಕ್ಕೂ ಇದನ್ನು ಬಳಸುತ್ತಾರೆ. ಮಣ್ಣು ಬೇಡ, ನೀರು ಕೆಂಪಾಗುವುದಿಲ್ಲ. ಆದರೆ ತಳ ಸಮತಟ್ಟು ಇರಲೇಬೇಕು. ಕಿಂಡಿ ಅಣೆಕಟ್ಟಿನ ಮೇಲ್ಬದಿಯ ಕಾಂಕ್ರೀಟ್ ತಳ ಇದಕ್ಕೆ ಸರಿಯಾಗ್ತದೆ, ಬಂಡೆಯ ತೋಡು ಆಗುವುದಿಲ್ಲ.

ರಬ್ಬರ್ ಡ್ಯಾಮ್ ಅಂತ ನೀವು ಕೇಳಿರಬಹುದು. ಆಂಧ್ರದ ಝಂಝಾವತಿಯಲ್ಲಿ 2006ರಲ್ಲಿ ಆದದ್ದು, ಬಿಹಾರದ ಗಯಾದಲ್ಲಿ ಫಲ್ಗು ನದಿಗೆ 2022ರಲ್ಲಿ ಆದ 411 ಮೀಟರ್ ಉದ್ದದ್ದು ಆ ಜಾತಿಯದು. ಅದು ಬೇರೆ. ಕಾಂಕ್ರೀಟಿಗೆ ಬೋಲ್ಟು ಹಾಕಿ ಕಾಯಂ ಕೂರಿಸಿದ ಬಲೂನು ಅದು. ನಮ್ಮದು ಸುಮ್ಮನೆ ಮಲಗಿಸಿದ್ದು, ಅದನ್ನು ಹಿಡಿಯುವುದು ಅದರ ಭಾರ ಮಾತ್ರ.

ಟ್ಯೂಬು ನಿಲ್ಲುವುದು ಹೇಗೆ, ಜಾರುವುದು ಯಾಕೆ?

ಒಂದು ಅಳತೆ ತೆಗೆದುಕೊಳ್ಳುವ. ಚಪ್ಪಟೆ ಮಡಚಿದಾಗ 1.5 ಮೀಟರ್ ಅಗಲದ ಟ್ಯೂಬು. ಎರಡು ಅಡಿ ಎತ್ತರಕ್ಕೆ ನೀರು ತುಂಬಿಸಿದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 600 ಲೀಟರ್ ಹಿಡಿಯುತ್ತದೆ, ಅಂದರೆ 600 ಕಿಲೋ ಭಾರ. ಹೊರಗೆ ಒಂದೂವರೆ ಅಡಿ ನೀರು ನಿಂತರೆ ಅದು ತಳ್ಳುವ ಬಲ ಮೀಟರಿಗೆ 100 ಕಿಲೋ. ಟ್ಯೂಬಿನ ಅಡಿಗೆ ನುಸುಳಿದ ನೀರು ಅದನ್ನು ಸ್ವಲ್ಪ ಮೇಲಕ್ಕೆತ್ತುತ್ತದೆ, ಆದರೂ ಭಾರ ಸಾಕಷ್ಟು ಉಳಿಯುತ್ತದೆ.

ಹುಷಾರಾಗಿರಬೇಕಾದ್ದು ಇಲ್ಲಿ: ನೀರಿನ ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ಎರಡಲ್ಲ, ನಾಲ್ಕು ಪಟ್ಟಾಗ್ತದೆ. ಒಂದೂವರೆ ಅಡಿಗೆ 100 ಕಿಲೋ ಇದ್ದದ್ದು ಮೂರು ಅಡಿಗೆ 400 ಕಿಲೋ. ಆದ್ದರಿಂದ "ಇನ್ನು ಸ್ವಲ್ಪ ಏರಿದರೆ ಏನಾಗ್ತದೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಟ್ಯೂಬಿನ ಎತ್ತರದ ಮುಕ್ಕಾಲು ಭಾಗಕ್ಕಿಂತ ಮೇಲೆ ನೀರು ಬರಬಾರದು. ಎರಡಡಿ ಟ್ಯೂಬಿಗೆ ಒಂದೂವರೆ ಅಡಿ. ಅಲ್ಲಿಗೆ ಒಂದು ಗೆರೆ ಎಳೆಯಿರಿ.

ಇನ್ನು ಮೂರು ವಿಷಯ. ಒಂದು, ಒಂಟಿ ಟ್ಯೂಬು ಉರುಳುತ್ತದೆ. ಒಂದು ಹೊರಚೀಲದ ಒಳಗೆ ಜೋಡಿ ಟ್ಯೂಬು ಇರುವಂಥದ್ದು ಅಥವಾ ಒಳಗೆ ಉದ್ದಕ್ಕೆ ಅಡ್ಡಪರದೆ ಇರುವಂಥದ್ದು ಉರುಳುವುದಿಲ್ಲ. ತಯಾರಾದದ್ದು ತೆಗೆದುಕೊಳ್ಳುವಾಗ ಇದನ್ನೇ ಮೊದಲು ಕೇಳಿ. ಪೈಪಿನ ಅಂಗಡಿಯ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮನೆಯಲ್ಲೇ ಮಾಡಿದ್ದನ್ನು ಮನುಷ್ಯರು ಇಳಿದು ಕೆಲಸ ಮಾಡುವ ಗುಂಡಿಯ ಮೇಲೆ ಇಡಬೇಡಿ. ಎರಡು, ಪಾಚಿ. ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಸೋಪಿನ ಹಾಗೆ ಜಾರ್ತದೆ. ಟ್ಯೂಬು ಹಾಸುವ ಮೊದಲು ಗಟ್ಟಿ ಪೊರಕೆಯಲ್ಲಿ ಉಜ್ಜಿ ತೆಗೆಯಿರಿ. ಮೂರು, ಚೂಪು ಕಲ್ಲು. ಹಳೆ ಟರ್ಪಾಲು ಅಡಿಗೆ ಹಾಸಿ. ಟ್ಯೂಬಿನ ಎರಡೂ ತುದಿ ದಡದ ಮೇಲಕ್ಕೆ ಹತ್ತಿರಬೇಕು, ಅಲ್ಲಿ ಚೀಲ ಇಟ್ಟು ಬಿಗಿ ಮಾಡಿ.

ದಿನಕ್ಕೊಂದು ಕೆಲಸ

ಮೊದಲ ದಿನ: ಪೈಪು ಜೋಡಿಸಿ ಅಥವಾ ಅರ್ಧ ಕಿಂಡಿ ತೆರೆದು ಖಾಲಿ ಮಾಡಿ. ನೀರು ಆ ದಾರಿಯಲ್ಲಿ ಸರಾಗ ಹೋಗ್ತದೆ ಅಂತ ನೋಡಿದ ಮೇಲೆ ತಡೆ ಹಾಕಿ. ಆ ರಾತ್ರಿ ಯಾವ ಕೆಲಸವೂ ಬೇಡ, ತಡೆ ಹೇಗೆ ನಿಲ್ತದೆ ಅಂತ ನೋಡಿ.

ಎರಡನೇ ದಿನ: ತಡೆಯ ಒಳಗೆ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ತೆಗೆದು ಒಸರು ನೀರು ಅಲ್ಲಿಗೆ ಸೇರುವ ಹಾಗೆ ಮಾಡಿ, ಅಲ್ಲಿಂದ ಪಂಪು ಮಾಡಿ. ಫೋಟೋ ನೋಡಿಕೊಂಡು ಸೋರಿಕೆಯ ಜಾಗ ಅಗೆಯಿರಿ. ಸಡಿಲ ಮರಳು, ಕೆಸರು ಪೂರ್ತಿ ತೆಗೆದು ಗಟ್ಟಿ ತಳ ಸಿಗುವವರೆಗೆ ಹೋಗಬೇಕು. ಮೇಲಿಂದ ಸಿಮೆಂಟು ಸವರಿದರೆ ಒಂದು ಮಳೆಗಾಲಕ್ಕೂ ಬಾರದು.

ಮೂರನೇ ದಿನ: ಪೊಟರೆಗೆ ಕಾಂಕ್ರೀಟು ತುಂಬಿಸಿ. ಮೇಲ್ಬದಿಯಲ್ಲಿ ತಳದ ಅಂಚಿನಿಂದ ಗಟ್ಟಿ ನೆಲದವರೆಗೆ ಅಡ್ಡಗೋಡೆ ಇಳಿಸಿದರೆ ಅಡಿಯ ಕಳ್ಳದಾರಿ ಬುಡದಲ್ಲೇ ನಿಲ್ತದೆ. ಎಷ್ಟು ಆಳ, ಎಷ್ಟು ದಪ್ಪ ಅನ್ನುವುದನ್ನು ಎಂಜಿನಿಯರ್ ಹತ್ತಿರ ಕೇಳಿಯೇ ಮಾಡಿ.

ನಾಲ್ಕರಿಂದ ಒಂಬತ್ತನೇ ದಿನ: ಕಾಂಕ್ರೀಟಿಗೆ ಹರಿಯುವ ನೀರು ತಾಗಬಾರದು, ಒಣಗಲೂಬಾರದು. ಒದ್ದೆ ಗೋಣಿ ಹಾಸಿ. ಹಲಗೆಯ ಭಾರ ಬೀಳುವ ಮೊದಲು ಕಡಿಮೆ ಅಂದರೆ ಏಳು ದಿನ ಕೊಡಬೇಕು.

ಹತ್ತನೇ ದಿನ: ತಡೆ ತೆಗೆಯುವುದು ನಿಧಾನ ಆಗಬೇಕು. ಮೊದಲು ಒಳಗೆ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಒಳಗಿನ ಮಟ್ಟ, ಹೊರಗಿನ ಮಟ್ಟ ಸಮ ಮಾಡಿ. ಮತ್ತೆ ಟ್ಯೂಬಿನ ಬಾಯಿ ಬಿಚ್ಚಿ ಅಥವಾ ಚೀಲ ತೆಗೆಯಿರಿ. ಒಂದು ಚೀಲವೂ ತೋಡಿನಲ್ಲಿ ಉಳಿಯಬಾರದು.

ಜೀವಕ್ಕಿಂತ ನೀರು ದೊಡ್ಡದಲ್ಲ

ತಡೆ ಕುಸಿಯುವಾಗ ಹೇಳಿ ಕೇಳಿ ಕುಸಿಯುವುದಿಲ್ಲ. ಆದ್ದರಿಂದ ಇಷ್ಟನ್ನು ಬಿಡಬೇಡಿ.

ಹೊರಗಿನ ನೀರು ಎರಡು ಅಡಿಗಿಂತ ಜಾಸ್ತಿ ಆಗುವ ಕೆಲಸ ಆದರೆ ಎಂಜಿನಿಯರ್ ಇಲ್ಲದೆ ಮಾಡಬೇಡಿ. ಒಳಗೆ ಜನ ಇರುವಾಗ ಮೇಲೆ ಒಬ್ಬರು ನೀರಿನ ಗೆರೆ ನೋಡಿಕೊಂಡು ಸೀಟಿ ಹಿಡಿದು ನಿಲ್ಲಬೇಕು, ಅವರಿಗೆ ಬೇರೆ ಕೆಲಸ ಬೇಡ. ಹತ್ತಿ ಬರಲಿಕ್ಕೆ ಏಣಿ ಇರಬೇಕು. ಗುಡುಗು ಕೇಳಿದರೆ ಅಥವಾ ನೀರು ಕೆಂಪಾದರೆ ಎಲ್ಲರೂ ಮೇಲೆ ಬರಬೇಕು, ಹಾರೆ ಬುಟ್ಟಿ ಅಲ್ಲೇ ಇರಲಿ. ರಾತ್ರಿ ಒಳಗೆ ಕೆಲಸ ಬೇಡ, ಮಕ್ಕಳು ಹತ್ತಿರ ಬರುವುದೂ ಬೇಡ. ಕರಂಟಿನ ಪಂಪು ಆದರೆ ಇಎಲ್‌ಸಿಬಿ ಇಲ್ಲದೆ ಚಾಲು ಮಾಡಬೇಡಿ, ಜೋಡಿಸಿದ ವಯರಿನ ಗಂಟು ನೀರಿನ ಹತ್ತಿರ ಇರಲೇಬಾರದು. ಡೀಸೆಲ್ ಅಥವಾ ಪೆಟ್ರೋಲ್ ಪಂಪು ಆದರೆ ಅದನ್ನು ಗುಂಡಿಯ ಒಳಗಿಡಬೇಡಿ, ಹೊಗೆ ಕೆಳಗೆ ತುಂಬಿಕೊಳ್ತದೆ.

ಇನ್ನೊಂದು ನಮ್ಮ ಊರಿನದ್ದೇ ಅಪಾಯ: ಮೇಲಿನ ಕಟ್ಟ. ನಿಮ್ಮ ತೋಡಿನಲ್ಲಿ ಮೇಲೆ ಇನ್ನೊಂದು ಕಟ್ಟ ಇದ್ದು, ಅವರು ಏನೋ ಕಾರಣಕ್ಕೆ ಒಂದು ಹಲಗೆ ಎತ್ತಿದರೆ ಆ ನೀರು ಸೀದಾ ನಿಮ್ಮ ತಲೆ ಮೇಲೆ. ಕೆಲಸದ ದಿನಗಳನ್ನು ಅವರಿಗೆ ಮೊದಲೇ ಹೇಳಿ, ಪ್ರತಿ ಬೆಳಗ್ಗೆ ಒಂದು ಫೋನು ಮಾಡಿ.

ಕೆಳಗಿನವರು, ಮೀನು, ಒಪ್ಪಿಗೆ

ತೋಡಿನ ನೀರು ನಮ್ಮ ಗಡಿಯಲ್ಲಿ ನಿಲ್ಲುವುದಿಲ್ಲ. ದಾರಿ ಸರಿ ಕೊಟ್ಟರೆ ಕೆಳಗಿನ ಹರಿವು ಒಂದು ದಿನವೂ ನಿಲ್ಲುವುದಿಲ್ಲ, ಇದೇ ಈ ಕ್ರಮದ ದೊಡ್ಡ ಗುಣ. ಆದರೂ ಕೆಳಗೆ ಪಂಪು ಇಟ್ಟವರಿಗೆ ತಿಳಿಸಿ. ತಿಳಿಸಿದರೆ ಅವರೇ ಬಂದು ಒಂದು ದಿನ ಕೈ ಜೋಡಿಸ್ತಾರೆ, ತಿಳಿಸದಿದ್ದರೆ ಪಂಚಾಯತಿಗೆ ದೂರು ಹೋಗ್ತದೆ.

ನೀರು ಖಾಲಿ ಮಾಡುವಾಗ ಗುಂಡಿಯಲ್ಲಿ ಉಳಿದ ಮೀನು, ಏಡಿ ಎಲ್ಲ ಬಕೆಟಲ್ಲಿ ಹಿಡಿದು ಹರಿವಿಗೆ ಬಿಡಿ. ಸಿಮೆಂಟಿನ ನೀರು ತೋಡಿಗೆ ಬಿಡಲೇಬಾರದು. ಹಸಿ ಸಿಮೆಂಟಿನ ನೀರು ಸುಣ್ಣದ ತಿಳಿಯ ಹಾಗೆ ತುಂಬಾ ಕ್ಷಾರ, ಮೀನಿನ ಕಿವಿರು ಸುಡ್ತದೆ. ಬುಟ್ಟಿ, ಹಾರೆ ತೊಳೆದ ನೀರು, ಒಳಗಿಂದ ಪಂಪು ಮಾಡಿದ ಬಿಳಿ ನೀರು ಎರಡನ್ನೂ ದಡದ ಮೇಲೆ ಮಣ್ಣಿನ ಗುಂಡಿಗೆ ಬಿಟ್ಟು ಇಂಗಿಸಿ. ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ, ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನಿಗೆ ಕೈ ಮುಗಿಯುವ ಊರು ನಮ್ಮದು. ಅಲ್ಲಿಗೆ ಹೋಗುವ ನೀರು ಇಂಥ ತೋಡುಗಳಿಂದಲೇ ಬರುವುದು.

ಒಪ್ಪಿಗೆಯ ವಿಷಯ. ಸಣ್ಣ ನೀರಾವರಿ ಇಲಾಖೆ ಅಥವಾ ಪಂಚಾಯತಿ ಕಟ್ಟಿಸಿದ ಕಿಂಡಿ ಅಣೆಕಟ್ಟಿಗೆ ನಾವೇ ಹಾರೆ ಹಾಕುವ ಹಾಗಿಲ್ಲ. ಫೋಟೋ, ಕಿಂಡಿ ನಂಬ್ರ, ಸೋರಿಕೆಯ ಲೆಕ್ಕ ಇಟ್ಟು, ನೀರು ಹಂಚಿಕೊಳ್ಳುವ ಎಲ್ಲರ ಸಹಿ ಹಾಕಿ ಅರ್ಜಿ ಕೊಡಿ. ಅದು ಸೆಪ್ಟೆಂಬರಲ್ಲೇ ಹೋಗಬೇಕು, ಡಿಸೆಂಬರಲ್ಲಿ ಕೊಟ್ಟರೆ ಮುಂದಿನ ವರ್ಷಕ್ಕೆ ಹೋದ ಹಾಗೆ. "ಅಣೆಕಟ್ಟು ಸೋರ್ತದೆ" ಅಂತ ಬರೆದ ಅರ್ಜಿಗೂ, "ಮೂರನೇ ಕಿಂಡಿಯ ಕೆಳಗೆ ಸೆಕೆಂಡಿಗೆ ಒಂದು ಲೀಟರ್ ಸೋರಿಕೆ, ಮರಳು ಬರ್ತಾ ಉಂಟು, ಫೋಟೋ ಇಟ್ಟಿದೆ" ಅಂತ ಬರೆದ ಅರ್ಜಿಗೂ ಬಹಳ ವ್ಯತ್ಯಾಸ ಉಂಟು. ಎಂಜಿನಿಯರ್ ಬಂದಾಗ ನೀರು ಹೇಗೆ ತಿರುಗಿಸ್ತೀರಿ, ಪೈಪು ಎಷ್ಟು, ಹರಿವು ಎಷ್ಟು ಅಂತ ಕೇಳಿ. ಈ ಲೆಕ್ಕ ಗೊತ್ತಿರುವ ಹತ್ತು ಜನ ದಡದಲ್ಲಿ ನಿಂತಿದ್ದರೆ ಕೆಲಸವೂ ಸರಿಯಾಗ್ತದೆ. ಊರವರು ಸೇರಿ ತಾವೇ ಕಟ್ಟಿದ ಕಟ್ಟ ಆದರೂ ಪಂಚಾಯತಿಗೆ ತಿಳಿಸಿಯೇ ಶುರು ಮಾಡಿ.

ಈ ವಾರ ಮಾಡಬಹುದಾದ್ದು ಸುಲಭದ ಎರಡು ಕೆಲಸ. ನಿಮ್ಮ ತೋಡಿನ ಹರಿವು ಅಳೆದು ದಿನಾಂಕ ಹಾಕಿ ಬರೆದಿಡಿ. ನೀರು ನಿಂತಿರುವ ಸಮಯ ಆದರೆ ಕೆಳಬದಿಗೆ ಇಳಿದು ಸೋರಿಕೆಯ ಫೋಟೋ ತೆಗೆದು ನಂಬ್ರ ಹಾಕಿಡಿ. ಪೈಪು ಎಷ್ಟು ಬೇಕು, ತಡೆ ಎಷ್ಟು ಎತ್ತರ ಬೇಕು ಅನ್ನುವುದೆಲ್ಲ ಆ ಎರಡು ಲೆಕ್ಕದಿಂದಲೇ ಬರ್ತದೆ.